ಮರುಳು, ಹುಚ್ಚು, ವಿಕಲಚೇತನ: ಕೊಪ್ಪಳ ಸೀಮೆಯ ನುಡಿಯಲ್ಲಿ ಭಿನ್ನರ ನೆಲೆ

ಕೊಪ್ಪಳ ತಾಲೂಕಿನ ಕುಣಿಕೇರಿಯ ಹುಚ್ಚಮ್ಮ ಚೌದ್ರಿ ಅವರಿಗೆ 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಸಂದಿತು. ಊರಿನ ಶಾಲೆಗೆ ತಮ್ಮ ಹೊಲವನ್ನು ದಾನವಾಗಿ ಕೊಟ್ಟು, ಅದೇ ಶಾಲೆಯ ಮಕ್ಕಳಿಗೆ ಬಿಸಿಯೂಟ ಬೇಯಿಸಿ ಬಡಿಸಿದ ತಾಯಿ ಅವರು. ಆ ಸುದ್ದಿಯನ್ನು ಓದಿದ ಹಳೆಯ ಮೈಸೂರಿನ ಕಡೆಯವರಿಗೆ ಹೆಸರು ತುಸು ಅಚ್ಚರಿ ತಂದಿದ್ದರೆ ಸಹಜ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಮಾತ್ರ ಅದು ಯಾರ ಹುಬ್ಬನ್ನೂ ಏರಿಸದ ಹೆಸರು. ಹುಚ್ಚಪ್ಪ, ಹುಚ್ಚವ್ವ, ಹುಚ್ಚಯ್ಯ, ಹುಚ್ಚೀರಪ್ಪ ಎಂಬ ಹೆಸರುಗಳು ಈ ಭಾಗದಲ್ಲಿ ಬಳಕೆಯಲ್ಲಿವೆ. ನೆರೆಯ ಬಾಗಲಕೋಟೆ ಜಿಲ್ಲೆಯ ಕಮತಗಿಯಲ್ಲಿ ಹುಚ್ಚೇಶ್ವರ ಮಠವೇ ಇದೆ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ತಿಪ್ಪಣ್ಣ, ತಿಪ್ಪವ್ವ ಎಂದು ಕರೆಯುವಂತೆ ಹುಚ್ಚಪ್ಪ ಎಂದು ಕರೆಯುವುದೂ ಉಂಟು; ಅಂಥ ಹೆಸರಿನ ಮೇಲೆ ಕೆಟ್ಟ ಕಣ್ಣು ಬೀಳದೆಂಬ ನಂಬಿಕೆ ಅದರ ಹಿಂದಿದೆ. ಹೀಗೆ ದೇವರಿಗೂ ಕೂಸಿಗೂ ಸಲ್ಲುವ ಈ ಪದವೇ, ಬಸ್‌ನಿಲ್ದಾಣದ ಮೂಲೆಯಲ್ಲಿ ತನ್ನಷ್ಟಕ್ಕೆ ಮಾತನಾಡಿಕೊಂಡು ಕುಳಿತವನ ಕಡೆಗೆ ಹುಡುಗರು ಬೀರುವ ಕಲ್ಲೂ ಆಗುತ್ತದೆ.

ಒಂದೇ ಪದ ಒಬ್ಬನಿಗೆ ಹರಕೆಯಾಗಿ, ಇನ್ನೊಬ್ಬನಿಗೆ ಹೊಡೆತವಾಗಿ ಕೆಲಸ ಮಾಡುವುದು ಹೇಗೆ? ದೇಹದಿಂದಲೋ ಮನಸ್ಸಿನಿಂದಲೋ ಉಳಿದವರಿಗಿಂತ ಬೇರೆಯಾಗಿರುವವರನ್ನು ಸಮಾಜ ಹೇಗೆ ಕಾಣುತ್ತದೆ ಎಂಬುದನ್ನು ಅರಿಯಲು ಆಸ್ಪತ್ರೆಯ ದಾಖಲೆ, ಸರ್ಕಾರದ ಅಂಕಿ ಅಂಶ ಸಾಲವು. ಆ ಸಮಾಜ ಅವರನ್ನು ಕರೆಯುವ ಹೆಸರುಗಳನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ. ಪ್ರಸ್ತುತ ಲೇಖನವು ಕೊಪ್ಪಳ ಸೀಮೆಯ ನುಡಿಯಲ್ಲಿರುವ ಇಂಥ ಹೆಸರುಗಳನ್ನು, ಅವುಗಳ ಬೆನ್ನಿಗಿರುವ ಗ್ರಹಿಕೆಯನ್ನು, ಆ ಗ್ರಹಿಕೆ ಇಂದಿನ ಕಾನೂನು ಹಾಗೂ ವೈದ್ಯಕೀಯದ ಪರಿಭಾಷೆಗೆ ಮುಖಾಮುಖಿಯಾದಾಗ ಹುಟ್ಟುವ ತೊಡಕನ್ನು ಪರಿಶೀಲಿಸುತ್ತದೆ.

ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ರೂಪುಗೊಂಡ ಕೊಪ್ಪಳ ಜಿಲ್ಲೆಗೆ ಆಗ ಇದ್ದುದು ಈ ನಾಲ್ಕೇ ತಾಲೂಕು. ಕುಕನೂರು, ಕನಕಗಿರಿ, ಕಾರಟಗಿಗಳು ಆಮೇಲೆ ಸೇರಿದವು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಭತ್ತದ ನಾಡು. ಕುಷ್ಟಗಿ, ಯಲಬುರ್ಗಾಗಳು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದ ಒಣಬೇಸಾಯದ ನಾಡು. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದುದರಿಂದ ಇಲ್ಲಿಯ ಕನ್ನಡದಲ್ಲಿ ಉರ್ದುವಿನ ಎಳೆ ದಟ್ಟವಾಗಿದೆ. ಈ ಎರಡೂ ಸಂಗತಿ, ನೀರು ಮತ್ತು ಉರ್ದು, ಮುಂದಿನ ಚರ್ಚೆಗೆ ಸಂಬಂಧಪಟ್ಟವೇ.

ಪದಗಳ ಒಡಲು

ಹಳಗನ್ನಡದ ‘ಮರುಳ್’ ಪದಕ್ಕೆ ಎರಡು ಮುಖಗಳಿವೆ. ಭ್ರಮೆ, ಬುದ್ಧಿಗೇಡು ಎಂಬುದು ಒಂದು. ಪಿಶಾಚಿ ಎಂಬುದು ಇನ್ನೊಂದು. ರನ್ನನ ‘ಗದಾಯುದ್ಧ’ದ ರಣರಂಗದಲ್ಲಿ ಸುಳಿದಾಡುವ ಮರುಳುಗಳು ಈ ಎರಡನೆಯ ಅರ್ಥದವು. ಮನಸ್ಸು ಕದಡಿದವನೂ ಅವನನ್ನು ಕದಡಿದ್ದೆಂದು ನಂಬಲಾದ ಶಕ್ತಿಯೂ ಒಂದೇ ಪದದೊಳಗೆ ವಾಸಿಸಿದ್ದು ಆಕಸ್ಮಿಕವಲ್ಲ. ಈ ಸೀಮೆಯ ಇಂದಿನ ಮಾತಿನಲ್ಲಿ ‘ಮರುಳು’ ಹಿಂದೆ ಸರಿದಿದೆ. ಅದರ ಒಳರಚನೆ ಮಾತ್ರ ಉಳಿದಿದೆ. ‘ಗಾಳಿ ಬಡದೈತಿ’, ‘ದೆವ್ವ ಬಡಕೊಂಡೈತಿ’, ‘ಮಾಟ ಮಾಡಿಸ್ಯಾರ’, ‘ಮೈಮ್ಯಾಲ ದೇವರ ಬರತೈತಿ’ ಎಂಬ ವಾಕ್ಯಗಳ ವ್ಯಾಕರಣವನ್ನು ಗಮನಿಸಬೇಕು. ಇಲ್ಲಿ ಕರ್ತೃ ಹೊರಗಿನದು: ಗಾಳಿ, ದೆವ್ವ, ಹಗೆಯವರು, ದೇವರು. ಬಾಧೆಗೊಳಗಾದವನು ಕೇವಲ ತಾಣ. ಹೊರಗಿನಿಂದ ಬಂದದ್ದು ಹೊರಗೆ ಹೋಗಲೂಬಹುದು ಎಂಬ ಆಸೆಗೆ ಈ ವಾಕ್ಯರಚನೆಯಲ್ಲಿ ಎಡೆಯಿದೆ. ‘ಹುಚ್ಚ’ ಎಂಬ ನಾಮಪದದಲ್ಲಿ ಆ ಎಡೆಯಿಲ್ಲ. ಅಲ್ಲಿ ಬಾಧೆಯೂ ಮನುಷ್ಯನೂ ಒಂದೇ ಆಗಿಬಿಡುತ್ತಾರೆ. ‘ಹುಚ್ಚು ಹಿಡದೈತಿ’ ಎಂಬಲ್ಲಿಂದ ‘ಅಂವ ಹುಚ್ಚ’ ಎಂಬಲ್ಲಿಗೆ ಮಾತು ಜಾರಿದ ದಿನ ಒಂದು ಮನೆಯ ಬದುಕಿನಲ್ಲಿ ದೊಡ್ಡ ದಿನ. ಅಲ್ಲಿಯವರೆಗೆ ಗುಡಿ, ದರ್ಗಾ, ದವಾಖಾನೆ ಎಂದು ಅಲೆದವರು ಆಮೇಲೆ ಅಲೆಯುವುದನ್ನು ಬಿಡುತ್ತಾರೆ.

ಉರ್ದುವಿನ ಮೂಲಕ ಬಂದ ‘ಖಬರ್’ ಈ ಭಾಗದ ಕನ್ನಡದಲ್ಲಿ ಸುದ್ದಿ ಎಂಬ ಮೂಲಾರ್ಥದಿಂದ ದೂರ ಸರಿದು, ಎಚ್ಚರ, ಪ್ರಜ್ಞೆ, ಲೋಕಜ್ಞಾನ ಎಂಬ ಅರ್ಥಗಳನ್ನು ಹೊತ್ತಿದೆ. ಮೂರ್ಛೆ ಹೋದವನಿಗೆ ‘ಖಬರ್ ಇಲ್ಲ’, ಎಲ್ಲಿ ಏನು ಮಾತನಾಡಬೇಕೆಂದು ತಿಳಿಯದವನಿಗೂ ‘ಖಬರ್ ಇಲ್ಲ’, ಅಂಥವನು ‘ಖಬರಗೇಡಿ’. ‘ತಲಿ ಕೆಟ್ಟೈತಿ’ ಎಂಬುದು ಸಿಟ್ಟಿಗೂ ಸಲ್ಲುತ್ತದೆ, ಉನ್ಮಾದಕ್ಕೂ ಸಲ್ಲುತ್ತದೆ. ‘ಮನಸಿಗೆ ಹಚ್ಚಿಕೊಂಡಾಳ’ ಎಂಬುದು ಇವೆಲ್ಲಕ್ಕಿಂತ ಮೃದುವಾದ, ಇವೆಲ್ಲಕ್ಕಿಂತ ಸೂಕ್ಷ್ಮವಾದ ಮಾತು. ಹೊರಗೆ ನಡೆದ ಒಂದು ಸಂಗತಿ, ಸಾವು, ಸಾಲ, ಸೊಸೆಯಾಗಿ ಬಂದ ಮನೆಯಲ್ಲಿನ ಅವಮಾನ, ಮನಸ್ಸಿಗೆ ಅಂಟಿಕೊಂಡು ಬಿಡದಿರುವುದನ್ನು ಅದು ಹೇಳುತ್ತದೆ. ವೈದ್ಯರು ಖಿನ್ನತೆಯೆಂದು ಕರೆಯುವ ಸ್ಥಿತಿಯ ಹೊಸ್ತಿಲು ಬಹುಶಃ ಈ ಮಾತಿನಲ್ಲಿದೆ. ಆದರೆ ಹೀಗೆ ಹಚ್ಚಿಕೊಂಡವಳು ಅದಕ್ಕಾಗಿ ಆಸ್ಪತ್ರೆಗೆ ಹೋಗುವುದು ಅಪರೂಪ. ಹೋದರೂ ಹೇಳಿಕೊಳ್ಳುವುದು ಮೈಕೈ ನೋವು, ನಿದ್ದೆಗೇಡು, ಎದೆಯ ಢವಢವ. ದೇಹದ ಭಾಷೆಯಲ್ಲಿ ಹೇಳಿದ ನೋವಿಗೆ ನಾಚಿಕೆಯಿಲ್ಲ.

ದೇಹದ ಊನಕ್ಕೆ ಇರುವ ಪದಗಳ ಚರಿತ್ರೆ ಬೇರೆ ಬಗೆಯದು. ಕುರುಡ, ಕುಂಟ, ಕಿವುಡ, ಮೂಗ ಎಂಬ ಪದಗಳು ಮೊದಲಿಗೆ ವರ್ಣನೆಗಳು, ಬೈಗುಳಾದದ್ದು ಬಳಕೆಯಲ್ಲಿ. ‘ಕುಂಟನಿಗೆ ಎಂಟು ಚೇಷ್ಟೆ’ ಎಂಬ ಗಾದೆಯಲ್ಲಿ ಊನವುಳ್ಳವನು ಮೂಲತಃ ಕುಚೋದ್ಯದವನು ಎಂಬ ತೀರ್ಪು ಅಡಗಿದೆ. ‘ಕುಂಟುನೆಪ’, ‘ಕುರುಡು ಮೋಹ’ ಎನ್ನುವಾಗ ಊನವು ಸುಳ್ಳಿಗೂ ಅವಿವೇಕಕ್ಕೂ ರೂಪಕವಾಗುತ್ತದೆ. ಶಿಷ್ಟ ಕನ್ನಡದ ಲೇಖನಗಳೂ ಈ ರೂಪಕಗಳನ್ನು ಎಗ್ಗಿಲ್ಲದೆ ಬಳಸುತ್ತವೆ ಎಂಬುದನ್ನು ಇಲ್ಲಿ ನೆನೆಯಬೇಕು. ದೋಷ ಹಳ್ಳಿಯ ಮಾತಿನದಷ್ಟೇ ಅಲ್ಲ.

ಪಾತ್ರ ಸಿಕ್ಕವರು

ಈ ಪದಗಳ ನಡುವೆ ‘ಹೆಳವ’ ಎಂಬುದು ವಿಶಿಷ್ಟವಾಗಿ ನಿಲ್ಲುತ್ತದೆ. ಕಾಲಿಲ್ಲದವನು, ಕುಂಟ ಎಂಬುದು ಅದರ ಹಳೆಯ ಅರ್ಥ. ಉತ್ತರ ಕರ್ನಾಟಕದಲ್ಲಿ ಇಂದು ಅದು ಮುಖ್ಯವಾಗಿ ಒಂದು ಸಮುದಾಯದ ಹೆಸರು. ಎತ್ತಿನ ಮೇಲೆ, ಆಮೇಲಾಮೇಲೆ ಗಾಡಿಯಲ್ಲಿ, ಊರೂರು ತಿರುಗಿ ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳಿ ಕಾಳು ಕಡಿ ಪಡೆಯುವ ಹೆಳವರು ಈ ನಾಡಿನ ನಡೆದಾಡುವ ದಫ್ತರಗಳಾಗಿದ್ದರು. ಒಕ್ಕಲಿನವನಿಗೆ ತನ್ನ ಮುತ್ತಜ್ಜನ ಮೂಲ ಊರು ಯಾವುದೆಂದು ತಿಳಿಯಬೇಕಾದರೆ ಹೆಳವನ ದಾರಿ ಕಾಯಬೇಕಿತ್ತು. ಸಮುದಾಯದ ಮೂಲಪುರುಷನು ಕಾಲಿಲ್ಲದವನಾಗಿದ್ದನೆಂದೂ ಅವನ ಜೀವನೋಪಾಯಕ್ಕೆ ಎತ್ತೊಂದನ್ನು ಕೊಟ್ಟು ಭಕ್ತರ ಕುಲವನ್ನು ಹೊಗಳುವ ಕಾಯಕ ಕೊಡಲಾಯಿತೆಂದೂ ಐತಿಹ್ಯವಿದೆ. ಐತಿಹ್ಯದ ಚಾರಿತ್ರಿಕ ಸತ್ಯ ಏನೇ ಇರಲಿ, ಅದು ಹೇಳುವ ಸಾಮಾಜಿಕ ಸತ್ಯ ಸ್ಪಷ್ಟ: ನಡೆಯಲಾರದವನಿಗೆ ಎಲ್ಲರಿಗಿಂತ ಹೆಚ್ಚು ನಡೆಯುವ ಕೆಲಸ, ದೇಹ ಕೈಕೊಟ್ಟವನಿಗೆ ನೆನಪಿನ ಕೆಲಸ.

ಇದೇ ಮಾದರಿ ಇಪ್ಪತ್ತನೆಯ ಶತಮಾನದಲ್ಲಿ ಗದಗಿನಲ್ಲಿ ಮತ್ತೆ ಕಾಣಿಸಿತು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಅಂಧರು; ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತು, ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಅಂಧರೇ ಆದ ಪುಟ್ಟರಾಜ ಗವಾಯಿಗಳು (1914–2010) ಅದನ್ನು ಮುಂದುವರಿಸಿದರು. ಗದಗು ಯಲಬುರ್ಗಾ ಸೀಮೆಗೆ ಹೊಂದಿಕೊಂಡ ಜಿಲ್ಲೆ. ಕಣ್ಣಿಲ್ಲದ ಕೂಸು ಹುಟ್ಟಿದ ಬಡವರ ಮನೆಗೆ ‘ಗದಗಿಗೆ ಕಳಿಸ್ರಿ’ ಎಂಬ ಒಂದು ಉತ್ತರ ಇದರಿಂದ ಸಿಕ್ಕಿತು. ಅನ್ನ, ವಸತಿ, ವಿದ್ಯೆ, ಅದಕ್ಕಿಂತ ಮಿಗಿಲಾಗಿ ಒಂದು ಹೆಸರು: ಅಂಥವನು ಇನ್ನು ಕುರುಡನಲ್ಲ, ‘ಗವಾಯಿ’. ಪುರಾಣ, ಪ್ರವಚನ, ನಾಟಕ ಕಂಪನಿಗಳ ಹಾರ್ಮೋನಿಯಂ ಮುಂದೆ ಅವನಿಗೊಂದು ಸ್ಥಾನವಿತ್ತು.

ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ ಇನ್ನೊಂದು ಬಗೆಯ ಪಾತ್ರ. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಈ ಆಟ ಮತ್ತೊಮ್ಮೆ ನಾಡಿನ ಗಮನಕ್ಕೆ ಬಂತು. ರಾಮ, ರಾವಣರ ಅಲಂಕೃತ ಗೊಂಬೆಗಳ ನಡುವೆ ವಿಕಾರ ಮೈಕಟ್ಟಿನ ಕಿಳ್ಳೇಕ್ಯಾತ ಬಂದೊಡನೆ ಜನ ನಗುತ್ತಾರೆ. ನಗೆಗೆ ಕಾರಣ ಆ ದೇಹವೇ. ಆದರೆ ರಾಜರು ಆಡಲಾರದ ಮಾತನ್ನು ಆಡುವ ಸಲುಗೆಯೂ ಆ ದೇಹಕ್ಕೇ ಇದೆ.

ಶಿಷ್ಟ ಕಾವ್ಯದಲ್ಲಿ ಆ ಸಲುಗೆಯೂ ಇಲ್ಲ. 1209ರ ಜನ್ನನ ‘ಯಶೋಧರ ಚರಿತೆ’ಯ ಮಾವುತ ಅಷ್ಟಾವಂಕನ ವಿಕಾರ ದೇಹ ಅವನದಾಗಿ ಅಲ್ಲಿ ಬರುವುದಿಲ್ಲ, ಅಮೃತಮತಿಯ ಆಯ್ಕೆ ಎಷ್ಟು ಅಗ್ರಾಹ್ಯ ಎಂದು ತೋರಿಸಲು ಬರುತ್ತದೆ. ಅವನ ಇಂಪಾದ ದನಿಯನ್ನು ಕಾವ್ಯವೇ ಒಪ್ಪಿಕೊಂಡಿದೆ, ಕಥೆ ಶುರುವಾಗುವುದೇ ಆ ದನಿಯಿಂದ. ಆದರೂ ಅವನು ಮನುಷ್ಯನಾಗುವುದಿಲ್ಲ. ಅಮೃತಮತಿಯನ್ನು ಕುರಿತು ಕನ್ನಡ ವಿಮರ್ಶೆ ಬಹಳ ಬರೆದಿದೆ, ಆಕೆಗೆ ನ್ಯಾಯ ಕೊಡಲು ಹೆಣಗಿದೆ. ಅಷ್ಟಾವಂಕನ ನೆಲೆಯಿಂದ ಆ ಕೃತಿಯನ್ನು ಓದುವ ಯತ್ನ ಅಷ್ಟು ಗಟ್ಟಿಯಾಗಿ ನಡೆದಿಲ್ಲ.

ಮನಸ್ಸಿನ ಭಿನ್ನತೆಗೆ ಪಾತ್ರ ಸಿಕ್ಕಿದ ಒಂದು ಪ್ರಸಂಗವನ್ನು ‘ಶೂನ್ಯಸಂಪಾದನೆ’ ಉಳಿಸಿಕೊಟ್ಟಿದೆ. ಕಲ್ಯಾಣದ ಮಹಾಮನೆಯಲ್ಲಿ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ, ಮರುಳನೆಂದು ಎಣಿಸಲ್ಪಟ್ಟು ಕಾಲ ಕಳೆದ ಮರುಳಶಂಕರದೇವನನ್ನು ಅಲ್ಲಮಪ್ರಭು ಗುರುತಿಸುತ್ತಾನೆ. ಮರುಳನಲ್ಲ, ಮಹಾಜ್ಞಾನಿ ಎಂದು ತಿಳಿದಾಗ ಉಳಿದ ಶರಣರು ಬೆರಗಾಗುತ್ತಾರೆ. ಇದನ್ನು ಕನ್ನಡ ಪರಂಪರೆಯ ಔದಾರ್ಯವೆಂದು ಎತ್ತಿ ಹೇಳುವ ವಾಡಿಕೆಯಿದೆ. ಪ್ರಸಂಗದ ಇನ್ನೊಂದು ಬದಿಯನ್ನೂ ನೋಡಬೇಕು. ಮರುಳನಿಗೆ ಮರ್ಯಾದೆ ಸಿಕ್ಕಿದ್ದು ಅವನು ಮರುಳನಲ್ಲವೆಂದು ಸಾಬೀತಾದ ಮೇಲೆ. ನಿಜವಾಗಿಯೂ ಚಿತ್ತ ಕದಡಿದವನೇ ಆಗಿದ್ದರೆ ಆ ಮನೆಯಲ್ಲಿ ಅವನ ಸ್ಥಾನ ಏನಿರುತ್ತಿತ್ತು?

ಹುಲಿಗಿಯ ಹುಲಿಗೆಮ್ಮನ ಸನ್ನಿಧಿ ಈ ಪ್ರಶ್ನೆಗೆ ಒಂದು ಬಗೆಯ ಉತ್ತರವನ್ನು ಇಟ್ಟುಕೊಂಡಿದೆ. ತುಂಗಭದ್ರೆಯ ದಡದ ಈ ಕ್ಷೇತ್ರಕ್ಕೆ ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಂದು ನಾಲ್ಕೂ ತಾಲೂಕಿನ ಜನ ಸೇರುತ್ತಾರೆ. ಗಂಡಾಗಿ ಹುಟ್ಟಿ ಹೆಣ್ಣಿನ ಮನಸ್ಸುಳ್ಳವರನ್ನು ‘ಅಮ್ಮ ಕಾಡ್ಯಾಳ’ ಎಂದು ಅರ್ಥೈಸಿ, ಮುತ್ತು ಕಟ್ಟಿಸಿ ಜೋಗಪ್ಪಂದಿರನ್ನಾಗಿ ಮಾಡುವ ಸಂಪ್ರದಾಯ ಇಲ್ಲಿಯದು. ಲಿಂಗಭಿನ್ನತೆ ರೋಗವೂ ಅಲ್ಲ, ಊನವೂ ಅಲ್ಲ; ಆದರೆ ಸಮಾಜ ಅದನ್ನು ಎದುರಿಸಿದ ರೀತಿ ಇಲ್ಲಿಯ ಚರ್ಚೆಗೆ ನೇರ ಬೆಳಕು ಬೀರುತ್ತದೆ. ಹುಲಿಗೆಮ್ಮನಲ್ಲಿ ದೀಕ್ಷೆ ಪಡೆದ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಇದೇ ‘ಕಾಡಾಟ’ದ ತರ್ಕವೇ, ತಲೆಯಲ್ಲಿ ಜಡೆಗಟ್ಟಿದ ಬಡ ಹುಡುಗಿಯರನ್ನು ದೇವಿಯ ಗುರುತು ಪಡೆದವರೆಂದು ಹೇಳಿ ದೇವದಾಸಿಯರಾಗಿಸಿತು, ಅದನ್ನು ನಿಷೇಧಿಸಲು 1982ರಲ್ಲಿ ರಾಜ್ಯ ಕಾನೂನು ಮಾಡಬೇಕಾಯಿತು. ಪಾತ್ರ ಕೊಡುವ ಸಮಾಜ ಅದರ ಬೆಲೆಯನ್ನೂ ವಸೂಲು ಮಾಡುತ್ತದೆ.

ಪಾತ್ರ ಸಿಗದವರು

ಹೆಳವ, ಗವಾಯಿ, ಜೋಗಪ್ಪ ಎಂಬ ಹೆಸರುಗಳಲ್ಲಿ ಒಂದು ಸಮಾನ ಷರತ್ತಿದೆ. ಭಿನ್ನನಾದವನು ಇನ್ನೊಂದೇನೋ ಆಗಿ ಬದಲಾದಾಗ ಅವನಿಗೆ ಸ್ಥಾನವುಂಟು. ಹಾಡಲು ಬಾರದ ಅಂಧ, ನೆನಪಿಲ್ಲದ ಕುಂಟ, ದೇವರು ಬಾರದ ಮರುಳ ಈ ಲೆಕ್ಕದಲ್ಲಿ ಎಲ್ಲಿಯೂ ಸೇರುವುದಿಲ್ಲ. ಅದರಲ್ಲೂ ತೀವ್ರ ಮಾನಸಿಕ ಕಾಯಿಲೆಗೆ ಒಳಗಾದವರ ಸ್ಥಿತಿ ಬೇರೆ. ಮೈಮೇಲೆ ಬರುವ ದೇವರಿಗೆ ಶಿಸ್ತಿದೆ: ವಾರ, ಹೊತ್ತು, ಡೊಳ್ಳು, ಹೇಳಿಕೆ. ಕಾಯಿಲೆಗೆ ಅಂಥ ಶಿಸ್ತಿಲ್ಲ. ಕೆಲವು ತಿಂಗಳು ಗಾಳಿ ಎಂದು ಸಹಿಸಿಕೊಂಡ ಊರು, ಅದು ವಾರ ತಿಥಿ ನೋಡದೆ ಬರತೊಡಗಿದಾಗ ಹೆಸರನ್ನು ಬದಲಿಸುತ್ತದೆ. ‘ಅಮಾಸಿ ಹುಣ್ಣಿವಿಗೆ ಕೆರಳತೈತಿ’ ಎಂಬ ಮಾತಿನಲ್ಲಿ ಶಿಸ್ತಿಲ್ಲದ್ದಕ್ಕೆ ಒಂದು ಶಿಸ್ತನ್ನು ಆರೋಪಿಸುವ ಕೊನೆಯ ಪ್ರಯತ್ನ ಕಾಣುತ್ತದೆ.

ಹೆಸರು ಬದಲಾಗುವ ಮುನ್ನ ಸಾಮಾನ್ಯವಾಗಿ ನಡೆಯುವುದು ಮದುವೆ. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ನಗೆಯ ಮಾತೆಂದು ಬಳಸುತ್ತೇವೆ. ಕನ್ನಡದ ಮನೆಗಳ ನಿಜ ಸಂಕಟವೊಂದು ಅದರಲ್ಲಿ ಹೆಪ್ಪುಗಟ್ಟಿದೆ. ಮದುವೆಯೇ ಔಷಧ ಎಂಬ ನಂಬಿಕೆಯಿಂದ ರೋಗವನ್ನು ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ರೋಗ ಮಗನದಾದರೆ ಹೊರೆ ಸೊಸೆಯದು. ರೋಗ ಹೆಣ್ಣಿನದಾದರೆ ಆಕೆ ತವರಿಗೆ ಮರಳುತ್ತಾಳೆ. ತಾಯಿ ಇರುವವರೆಗೆ ತವರು, ಆಮೇಲೆ ಅದೂ ಇಲ್ಲ. ‘ಬುದ್ಧಿ ಸ್ಥಿಮಿತವಿಲ್ಲದಿರುವುದು’ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಒಂದು ಕಾರಣವಾಗಿ ನಿಂತಿರುವುದರಿಂದ ಚಿಕಿತ್ಸೆಯ ಚೀಟಿಯನ್ನು ಮನೆಯಲ್ಲಿಟ್ಟುಕೊಳ್ಳಲೂ ಹೆದರುವವರಿದ್ದಾರೆ.

ಎರಡನೆಯದು ಗುಳೆ. ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯಿಂದ ಜನ ದುಡಿಮೆ ಹುಡುಕಿ ಬೆಂಗಳೂರು, ಮಂಗಳೂರು, ಗೋವಾಗಳಿಗೆ ಹೋಗುತ್ತಾರೆ. ಗುಳೆ ಹೊರಟ ಮನೆಯಲ್ಲಿ ಹಿಂದೆ ಉಳಿಯುವವರು ಮುದುಕರು ಮತ್ತು ನಡೆಯಲಾರದವರು. ಚಿತ್ತ ಸರಿಯಿಲ್ಲದವನನ್ನು ಕಟ್ಟಡದ ಕೆಲಸದ ತಾಣಕ್ಕೆ ಕರೆದೊಯ್ಯು‌ವಂತಿಲ್ಲ, ಮುದುಕಿಯ ಕೈಗೆ ಒಪ್ಪಿಸಿ ಹೋಗುವಂತೆಯೂ ಇಲ್ಲ. ಸರಪಳಿ, ಮುಚ್ಚಿದ ಕೋಣೆ ಎಂಬವು ಕ್ರೌರ್ಯದಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ ಇಂಥ ನಿರುಪಾಯದಿಂದ ಹುಟ್ಟುತ್ತವೆ. ಅದರ ಫಲ ಮಾತ್ರ ಕ್ರೌರ್ಯವೇ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ತಪ್ಪಿಸಿಕೊಳ್ಳಲಾರದೆ 28 ಮಂದಿ ಸತ್ತರು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಗಂಗಾವತಿಯ ನೀರಾವರಿ ಹಳ್ಳಿಗಳಲ್ಲಿ ಗುಳೆಯ ಒತ್ತಡ ಕಡಿಮೆ. ಅಲ್ಲಿ ಸಾಲ, ಕುಡಿತ, ಬೆಲೆ ಕುಸಿತಗಳ ಬೇರೆ ಒತ್ತಡಗಳಿವೆ.

ಸರ್ಕಾರದ ಕನ್ನಡ

ಕಾನೂನು ಮತ್ತು ವೈದ್ಯಕೀಯ ಬಹಳ ಹಿಂದೆಯೇ ಬಿಡಿಸಿಕೊಂಡ ಒಂದು ಗಂಟನ್ನು ಕನ್ನಡ ಇನ್ನೂ ಬಿಡಿಸಿಕೊಂಡಿಲ್ಲ. ಹುಟ್ಟಿನಿಂದಲೋ ಎಳವೆಯಿಂದಲೋ ಬುದ್ಧಿಯ ಬೆಳವಣಿಗೆ ಕುಂಠಿತವಾಗುವುದು ಒಂದು. ಬೆಳೆದ ಬುದ್ಧಿಯುಳ್ಳವರ ಆಲೋಚನೆ, ಭಾವ, ಗ್ರಹಿಕೆಗಳು ಕಾಯಿಲೆಯಿಂದ ಕದಡುವುದು ಇನ್ನೊಂದು. ಮೊದಲನೆಯದಕ್ಕೆ ಬೇಕಾದದ್ದು ತರಬೇತಿ, ಆಸರೆ. ಎರಡನೆಯದಕ್ಕೆ ಚಿಕಿತ್ಸೆ, ಮತ್ತು ಚಿಕಿತ್ಸೆಯಿಂದ ಬಹಳಷ್ಟು ಜನ ದುಡಿಮೆಗೆ ಮರಳಬಲ್ಲರು. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳಲ್ಲಿ ಇವೆರಡನ್ನೂ ಪ್ರತ್ಯೇಕವಾಗಿ ಎಣಿಸಿತು. 21 ಬಗೆಗಳನ್ನು ಹೇಳುವ 2016ರ ಕಾಯ್ದೆಯೂ ಹಾಗೆಯೇ. 2017ರ ಕಾಯ್ದೆಯಂತೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಬುದ್ಧಿಮಾಂದ್ಯವನ್ನು ಹೆಸರಿಟ್ಟು ಹೊರಗಿಟ್ಟಿದೆ. ಕನ್ನಡದ ದಿನಬಳಕೆಯಲ್ಲಿ, ಪತ್ರಿಕೆಗಳಲ್ಲಿ ಕೂಡ, ‘ಬುದ್ಧಿಮಾಂದ್ಯ’, ‘ಮಾನಸಿಕ ಅಸ್ವಸ್ಥ’, ‘ಮತಿಹೀನ’ ಎಂಬವು ಒಂದರ ಜಾಗದಲ್ಲಿ ಒಂದು ಬಂದು ಕೂರುತ್ತವೆ. ಗುಣವಾಗಬಲ್ಲ ಕಾಯಿಲೆಯವನಿಗೆ ‘ಬುದ್ಧಿಮಾಂದ್ಯ’ನೆಂಬ ಹೆಸರು ಬಿದ್ದರೆ ಮನೆಯವರು ಔಷಧದ ದಾರಿಯನ್ನೇ ಬಿಟ್ಟುಬಿಡುವ ಅಪಾಯವಿದೆ. ಪದದ ತಪ್ಪು ಇಲ್ಲಿ ಬರಿಯ ಪದದ ತಪ್ಪಲ್ಲ.

ಜನಗಣತಿಯ ಅಂಕಿಗಳು ಇದನ್ನು ಇನ್ನೊಂದು ಬಗೆಯಲ್ಲಿ ತೋರಿಸುತ್ತವೆ. 2001ರಲ್ಲಿ ಗಣತಿಯವರು ‘ಮಾನಸಿಕ’ ಎಂಬ ಒಂದೇ ಬಗೆಯನ್ನು ಕೇಳಿದರು; ದೇಶದಲ್ಲಿ ಸುಮಾರು 22.6 ಲಕ್ಷ ಜನ ಆ ಲೆಕ್ಕಕ್ಕೆ ಬಂದರು. 2011ರಲ್ಲಿ ಅದನ್ನು ಎರಡಾಗಿ ಸೀಳಲಾಯಿತು: ಬುದ್ಧಿಮಾಂದ್ಯ ಸುಮಾರು 15 ಲಕ್ಷ, ಮಾನಸಿಕ ಕಾಯಿಲೆ ಸುಮಾರು 7.2 ಲಕ್ಷ. ಹತ್ತು ವರ್ಷಗಳಲ್ಲಿ ಒಟ್ಟು ಮೊತ್ತ ಹೆಚ್ಚೂಕಡಿಮೆ ಅಷ್ಟೇ ಉಳಿಯಿತು. 121 ಕೋಟಿ ಜನರಲ್ಲಿ 7.2 ಲಕ್ಷವೆಂದರೆ ಹತ್ತು ಸಾವಿರಕ್ಕೆ ಆರು ಮಂದಿ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ತೀವ್ರ ಸ್ವರೂಪದ ಕಾಯಿಲೆಯೇ ನೂರಕ್ಕೆ 0.8ರಷ್ಟು, ಅಂದರೆ ಹತ್ತು ಸಾವಿರಕ್ಕೆ ಎಂಬತ್ತು. ಎಲ್ಲ ಬಗೆಯ ಮಾನಸಿಕ ತೊಂದರೆಗಳೂ ಸೇರಿದರೆ ನೂರಕ್ಕೆ 10.6. ಎರಡು ಲೆಕ್ಕಗಳ ಉದ್ದೇಶ, ವಿಧಾನ ಬೇರೆ ಬೇರೆ ನಿಜ. ಆದರೂ ಇಷ್ಟು ದೊಡ್ಡ ಅಂತರಕ್ಕೆ ವಿಧಾನವೊಂದೇ ಕಾರಣವಾಗಲಾರದು. ಹೊಸ್ತಿಲಲ್ಲಿ ನಿಂತ ಗಣತಿದಾರನಿಗೆ ‘ನಮ್ಮ ಮನ್ಯಾಗ ಅಂಥವ್ರು ಯಾರಿಲ್ಲ’ ಎಂದು ಹೇಳಿದ ಮನೆಗಳು ಆ ಅಂತರದಲ್ಲಿ ಅಡಗಿವೆ.

ಸರ್ಕಾರದ ಕನ್ನಡವು ‘ಅಂಗವಿಕಲ’ದಿಂದ ‘ವಿಕಲಚೇತನ’ಕ್ಕೆ ಸಾಗಿದ್ದು ಸದಾಶಯದಿಂದ. ಪದರಚನೆಯ ದೃಷ್ಟಿಯಿಂದ ಅದು ಎಡವಟ್ಟು. ‘ಅಂಗವಿಕಲ’ದಲ್ಲಿ ಊನ ಅಂಗಕ್ಕೆ ಸೀಮಿತ. ‘ವಿಕಲಚೇತನ’ವನ್ನು ಬಿಡಿಸಿದರೆ ಚೇತನವೇ ವಿಕಲವಾದವನು ಎಂದಾಗುತ್ತದೆ, ಪೋಲಿಯೋದಿಂದ ಕಾಲು ಸೊರಗಿದವನ ಚೇತನಕ್ಕೆ ಏನಾಗಿದೆ? ಇನ್ನೂ ಸೋಜಿಗವೆಂದರೆ, ಅಕ್ಷರಾರ್ಥದಲ್ಲಿ ಈ ಪದ ಯಾರನ್ನು ಸೂಚಿಸಬಹುದೋ ಅವರನ್ನೇ ಅದು ಬಳಕೆಯಲ್ಲಿ ಸೂಚಿಸುವುದಿಲ್ಲ. ವಿಕಲಚೇತನ ಎಂದೊಡನೆ ಕೇಳುಗರ ಮನಸ್ಸಿಗೆ ಬರುವುದು ತ್ರಿಚಕ್ರ ವಾಹನ, ಬಿಳಿಕೋಲು, ಶ್ರವಣ ಸಾಧನ. ಮನೋರೋಗಿ ಆ ಚಿತ್ರದಲ್ಲಿಲ್ಲ. 2015ರ ಕೊನೆಯಲ್ಲಿ ಪ್ರಧಾನಿಯವರ ಸಲಹೆಯಿಂದ ಬಳಕೆಗೆ ಬಂದ ‘ದಿವ್ಯಾಂಗ’ವು ಊನಕ್ಕೆ ದೈವತ್ವದ ಸ್ಪರ್ಶ ಕೊಟ್ಟಿತು, ಹುಲಿಗೆಮ್ಮನ ತರ್ಕವನ್ನೇ ಸರ್ಕಾರಿ ಭಾಷೆಯಲ್ಲಿ ಹೇಳಿದಂತಾಯಿತು ಎನ್ನಬಹುದು. ಕೊಪ್ಪಳದ ಗವಿಮಠವು 2025ರ ಗವಿಸಿದ್ಧೇಶ್ವರ ಜಾತ್ರೆಯ ಜಾಗೃತಿ ಜಾಥಾಕ್ಕೆ ಅಂಗವಿಕಲರ ವಿಷಯವನ್ನೇ ಆರಿಸಿಕೊಂಡು ‘ವಿಕಲಚೇತನ’ಕ್ಕೆ ಎದುರಾಗಿ ‘ಸಕಲಚೇತನ’ ಎಂಬ ಪದವನ್ನು ಮುಂದಿಟ್ಟಿತು. ಪದವನ್ನು ಕುರಿತ ಅತೃಪ್ತಿ ವಿಶ್ವವಿದ್ಯಾಲಯದ ಹೊರಗೂ ಇದೆ ಎಂಬುದಕ್ಕೆ ಇದು ಸಾಕ್ಷಿ.

ಹಳ್ಳಿಗಳ ಮಾತಿನಲ್ಲಿ ಈ ಯಾವ ಪದಕ್ಕಿಂತಲೂ ಬಲವಾಗಿ ಬೇರೂರಿದ್ದು ‘ಪರ್ಸೆಂಟು’. ಸೌಲಭ್ಯಕ್ಕೆ ನೂರಕ್ಕೆ 40ರಷ್ಟು ಊನವಿರಬೇಕೆಂಬ ನಿಯಮದಿಂದಾಗಿ ‘ನಿಂದು ಎಷ್ಟು ಪರ್ಸೆಂಟು?’ ಎಂಬ ಪ್ರಶ್ನೆ ಕ್ಷೇಮಸಮಾಚಾರದಷ್ಟು ಸಹಜವಾಗಿದೆ. ಕಾಲಿನ ಊನವನ್ನು ಅಳೆಯುವುದು ಅಷ್ಟು ಕಷ್ಟವಲ್ಲ. ಏರಿಳಿಯುವ ಮನೋರೋಗವನ್ನು ಅಳೆಯಲು ಭಾರತೀಯ ಮನೋವೈದ್ಯರು ರೂಪಿಸಿದ ಮಾಪನವು ಸ್ವಂತ ಆರೈಕೆ, ಪರಸ್ಪರ ಸಂಬಂಧ, ಸಂವಹನ ಮತ್ತು ತಿಳಿವಳಿಕೆ, ದುಡಿಮೆ ಎಂಬ ನಾಲ್ಕು ಅಂಶಗಳನ್ನು ನೋಡುತ್ತದೆ. ನಾಲ್ಕರಲ್ಲಿ ಮೂರಕ್ಕೆ ಉತ್ತರ ಸಿಗುವುದು ಮಾತಿನ ಮೂಲಕ, ಅದೂ ಹೆಚ್ಚಾಗಿ ಮನೆಯವರ ಮಾತಿನ ಮೂಲಕ. ಅಂದರೆ ಪ್ರಮಾಣಪತ್ರದ ಅಂಕಿಯ ಹಿಂದೆ ಒಂದು ಸಂಭಾಷಣೆಯಿದೆ.

ಮಂಗಳವಾರ

ಆ ಸಂಭಾಷಣೆ ಎಲ್ಲಿ, ಯಾವ ಕನ್ನಡದಲ್ಲಿ ನಡೆಯುತ್ತದೆ ಎಂಬುದು ಉಳಿದ ಪ್ರಶ್ನೆ. ದೀರ್ಘಕಾಲ ಈ ಸೀಮೆಯವರಿಗೆ ಮನೋರೋಗದ ದವಾಖಾನೆ ಎಂದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಆರಂಭವಾದ ಧಾರವಾಡದ ಆಸ್ಪತ್ರೆ. ಜನರ ಬಾಯಲ್ಲಿ ಅದು ‘ಹುಚ್ಚಾಸ್ಪತ್ರೆ’. ಆ ಹೆಸರೇ ಎಷ್ಟೋ ಜನರನ್ನು ದಾರಿಯಿಂದ ಹಿಂದಿರುಗಿಸಿರಬೇಕು. ಹೊಳೆಯಾಚೆಯ ಬಳ್ಳಾರಿಯ ಕಥೆ ಬೇರೆಯಾಯಿತು. 1985ರಿಂದ 1990ರವರೆಗೆ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸಿ ಕೆಲವೇ ಔಷಧಗಳಿಂದ ಚಿಕಿತ್ಸೆ ಕೊಡುವ ತರಬೇತಿ ನೀಡಲಾಯಿತು. 1996ರಲ್ಲಿ ದೇಶಾದ್ಯಂತ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆಗ ರಾಯಚೂರಿಗೆ ಸೇರಿದ್ದ ಗಂಗಾವತಿಗೆ, ಹೊಳೆಯೊಂದೇ ಅಡ್ಡವಿದ್ದರೂ, ಆ ಪ್ರಯೋಗದ ಪಾಲು ದಕ್ಕಲಿಲ್ಲ. ಮುಂದೆ 2000ರ ದಶಕದಲ್ಲಿ ‘ಸಮೂಹ’ದಂಥ ಸ್ವಯಂಸೇವಾ ಸಂಸ್ಥೆಗಳು ಅಂಗವಿಕಲರ ನಡುವೆ ಮಾಡುತ್ತಿದ್ದ ಕೆಲಸಕ್ಕೆ ಮನೋರೋಗಿಗಳನ್ನೂ ಸೇರಿಸಿಕೊಂಡವು. ಪಂಚಾಯಿತಿಗೊಬ್ಬರಂತೆ ನೇಮಕವಾದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಹಲವರು ಸ್ವತಃ ಅಂಗವಿಕಲರು, ಇಂದು ಅರ್ಜಿ, ಪ್ರಮಾಣಪತ್ರಗಳ ಓಡಾಟ ನೋಡಿಕೊಳ್ಳುತ್ತಾರೆ. 2015ರಲ್ಲಿ ಕೊಪ್ಪಳದಲ್ಲಿಯೇ ವೈದ್ಯಕೀಯ ಕಾಲೇಜು ಆರಂಭವಾಯಿತು.

ಪರಿಭಾಷೆಯ ಕೆಲಸವೂ ನಡೆದಿದೆ. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರು ಕನ್ನಡದಲ್ಲಿ ಬರೆದ ಅಸಂಖ್ಯ ಪುಸ್ತಕಗಳು ಮನೋವೈದ್ಯವನ್ನು ಓದು ಬಲ್ಲವರ ಮನೆಗೆ ತಲುಪಿಸಿದವು. ‘ಗೀಳು’ ಎಂಬ ಹಳೆಯ ಪದ ಹೊಸ ರೋಗಕ್ಕೆ ಒಪ್ಪಿಕೊಂಡದ್ದು ಇಂಥ ಬರವಣಿಗೆಯ ಗೆಲುವು. ಸ್ಕಿಜೋಫ್ರೇನಿಯಾಕ್ಕೆ ಹುಟ್ಟಿದ ‘ಇಚ್ಚಿತ್ತ ವಿಕಲತೆ’, ‘ಛಿದ್ರಮನಸ್ಕತೆ’ಗಳ ಬಗ್ಗೆ ಹಾಗೆ ಹೇಳಲಾಗದು, ಮನಸ್ಸು ಎರಡಾಗಿದೆ, ಒಡೆದಿದೆ ಎಂಬ ತಪ್ಪು ಚಿತ್ರವನ್ನು ಅವು ಕೊಡುತ್ತವೆ, ಒಡೆದದ್ದು ಕೂಡದೆಂಬ ಹತಾಶೆಯನ್ನೂ. ‘ಖಿನ್ನತೆ’ ನಗರದ ಓದುಗರಿಗೆ ಪರಿಚಿತ. ಯಲಬುರ್ಗಾದ ಕೂಲಿ ಹೆಣ್ಣುಮಗಳಿಗೆ ಆ ಪದವೂ ಇಂಗ್ಲಿಷಿನಷ್ಟೇ ದೂರ. ಆಕೆಯದು ‘ಬ್ಯಾಸರಾ’, ‘ಮನಸಿಗೆ ಹಚ್ಚಿಕೊಂಡೇನಿ’. ಪರಿಭಾಷಾ ಕೋಶಗಳು ಇಂಗ್ಲಿಷಿನಿಂದ ಸಂಸ್ಕೃತಕ್ಕೆ ಹೋಗಿ ಅಲ್ಲಿಂದ ಕನ್ನಡಕ್ಕೆ ಬರುತ್ತವೆ; ಗಂಗಾವತಿಯ ಹೊರರೋಗಿ ವಿಭಾಗದಿಂದ ಹೊರಟು ಕೋಶವನ್ನು ತಲುಪುವ ದಾರಿಯನ್ನು ಕನ್ನಡ ವಿಭಾಗಗಳ ಕ್ಷೇತ್ರಕಾರ್ಯ ಇನ್ನೂ ತುಳಿಯಬೇಕಾಗಿದೆ. ಜನಪದ ಗೀತೆ, ಗಾದೆಗಳನ್ನು ಸಂಗ್ರಹಿಸಿದ ಶ್ರದ್ಧೆಯ ಹತ್ತರಲ್ಲೊಂದು ಪಾಲು ಸಾಕು.

ದಕ್ಷಿಣದ ಜಿಲ್ಲೆಯಿಂದ ಬಂದ ಯುವ ವೈದ್ಯರ ಎದುರು ಕುಷ್ಟಗಿಯ ತಾಯಿಯೊಬ್ಬಳು ಮಗನ ವಿಷಯದಲ್ಲಿ ‘ಅವತ್ತ ಖಬರ್ ಇರಲಿಲ್ರಿ’ ಎಂದಳೆನ್ನಿ. ಎಚ್ಚರ ತಪ್ಪಿ ಬಿದ್ದಿದ್ದನೆಂದಾದರೆ ಅದು ಮೂರ್ಛೆರೋಗವಿರಬಹುದು, ಪರೀಕ್ಷೆ ಬೇರೆ, ಔಷಧ ಬೇರೆ. ಎಚ್ಚರವಿದ್ದೂ ತಾನು ಏನು ಮಾಡುತ್ತಿರುವೆನೆಂಬ ಅರಿವಿರಲಿಲ್ಲವೆಂದಾದರೆ ರೋಗ ಮತ್ತೊಂದು. ಕುಡಿದಿದ್ದನೆಂಬುದನ್ನು ಸೌಜನ್ಯಕ್ಕೆ ಹಾಗೆ ಹೇಳಿರಲೂಬಹುದು. ಕೇಳುವವರಿಗೆ ಪದದ ಈ ಮೂರೂ ಮಡಿಕೆಗಳು ತಿಳಿದಿದ್ದರೆ ಮರುಪ್ರಶ್ನೆ ಹುಟ್ಟುತ್ತದೆ. ಇಲ್ಲದಿದ್ದರೆ ಮೂರರಲ್ಲೊಂದು ಚೀಟಿಯ ಮೇಲೆ ಇಳಿಯುತ್ತದೆ.

2016ರ ಕಾಯ್ದೆಯ 92ನೆಯ ಕಲಮಿನ ಪ್ರಕಾರ ಅಂಗವಿಕಲರನ್ನು ಹೀನೈಸುವ ಉದ್ದೇಶದಿಂದ ನಾಲ್ಕು ಜನರೆದುರು ಅವಮಾನಿಸುವುದು ಶಿಕ್ಷಾರ್ಹ ಅಪರಾಧ. ಮಾನಸಿಕ ಕಾಯಿಲೆಯವರೂ ಇದರ ರಕ್ಷಣೆಗೆ ಬರುತ್ತಾರೆ. ‘ಹುಚ್ಚ’ ಎಂಬ ಪದ ಎಲ್ಲಿ ಅವಮಾನ, ಎಲ್ಲಿ ಅಂಕಿತನಾಮ, ಎಲ್ಲಿ ದೇವರ ಹೆಸರು ಎಂಬುದನ್ನು ನ್ಯಾಯಾಲಯ ತೀರ್ಮಾನಿಸಬೇಕಾದ ದಿನ ಬಂದರೆ ಸಾಕ್ಷಿಗೆ ಕನ್ನಡದ ವಿದ್ವಾಂಸರನ್ನೇ ಕರೆಯಬೇಕಾದೀತು.

ರಾಜ್ಯ ಸರ್ಕಾರವು ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಒದಗಿಸಲು 2014ರಲ್ಲಿ ಆರಂಭಿಸಿದ ಕಾರ್ಯಕ್ರಮದ ಹೆಸರು ‘ಮನೋಚೈತನ್ಯ’. ಹುಚ್ಚಾಸ್ಪತ್ರೆಯ ಪಕ್ಕದಲ್ಲಿಟ್ಟು ನೋಡಿದರೆ ಒಳ್ಳೆಯ ಹೆಸರು. ಅದಕ್ಕೆ ಆರಿಸಿಕೊಂಡ ವಾರ ಮಂಗಳವಾರ. ಹುಲಿಗೆಮ್ಮನ ವಾರವೂ ಅದೇ. ಹೀಗಾಗಿ ಮಗನನ್ನೋ ಮಗಳನ್ನೋ ಕರೆದುಕೊಂಡು ನಸುಕಿನಲ್ಲಿ ಬಸ್ಸಿಗೆ ನಿಂತ ಮನೆಯವರು ಹುಲಿಗಿಯ ಕಡೆಗೆ ಹೋಗಬೇಕೋ ತಾಲೂಕು ಆಸ್ಪತ್ರೆಯ ಕಡೆಗೋ ಎಂಬುದನ್ನು ಆ ದಿನವೇ ತೀರ್ಮಾನಿಸಬೇಕಾಗುತ್ತದೆ. ಮನೆಯಲ್ಲಿ ಆ ಬಾಧೆಗೆ ಅಷ್ಟರಲ್ಲಿ ಯಾವ ಹೆಸರು ಬಿದ್ದಿದೆಯೋ ಅದರ ಮೇಲೆ ಬಸ್ಸು ನಿಂತಿದೆ. ಕೆಲವರು ಬೆಳಗ್ಗೆ ಚೀಟಿ ಮಾಡಿಸಿ, ಗುಳಿಗೆ ಕಟ್ಟಿಸಿಕೊಂಡು, ಮಧ್ಯಾಹ್ನದ ಬಸ್ಸಿಗೆ ಅಮ್ಮನ ದರ್ಶನಕ್ಕೂ ಹೋಗಿಬರುವುದುಂಟು.